ಅಪ್ಪನಿಗೆ ಪಾಲಿಪ್ ಸಿಕ್ಕಿತು, ಈಗ ಮಕ್ಕಳ ಸರದಿ: ಕೊಲೊನೋಸ್ಕೋಪಿನಾ, ಸಿಟಿ ಸಾಕಾ?

ದಾವಣಗೆರೆ ಬೆಣ್ಣೆ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ತಂದೆಗೆ 71. ಒಂದು ವರ್ಷದಿಂದ ಮೋಷನ್ ಹೋಗುವಾಗ ಆಗಾಗ ರಕ್ತ ಬೀಳುತ್ತಿತ್ತು. ಮನೆಯವರೆಲ್ಲ ಸೇರಿ ಮೂಲವ್ಯಾಧಿ ಅಂತ ತೀರ್ಮಾನ ಮಾಡಿದೆವು. ಮೂಲಂಗಿ ರಸ, ಮುಲಾಮು, ಯಾರೋ ಕೊಟ್ಟ ಪುಡಿ ಎಲ್ಲ ಆಯಿತು. ಕೊನೆಗೆ ಕೊಲೊನೋಸ್ಕೋಪಿ (ಹಿಂದಿನಿಂದ ಕ್ಯಾಮೆರಾ ಪೈಪ್ ಹಾಕಿ ದೊಡ್ಡ ಕರುಳು ನೋಡೋದು) ಮಾಡಿಸಿದಾಗ ಕರುಳಿನ ಒಳಗೋಡೆಯಲ್ಲಿ 2 ಸೆಂ.ಮೀ. ಪಾಲಿಪ್, ಅಂದರೆ ಗಂಟಿನಂಥ ಬೆಳವಣಿಗೆ ಸಿಕ್ಕಿತು. ಅಲ್ಲೇ ಕತ್ತರಿಸಿ ತೆಗೆದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ, ಅಡೆನೋಮಾ ಅಂತ ಬಂತು. ಬಿಟ್ಟಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿಯದ್ದು ಅಂದರು.

ಈಗ ಡಾಕ್ಟರು ಮಕ್ಕಳೂ ನೋಡಿಸಿಕೊಳ್ಳಿ ಅಂತಿದ್ದಾರೆ. ನನಗೆ 46, ತಂಗಿಗೆ 43, ತಮ್ಮನಿಗೆ 38. ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ, "ಪೈಪ್ ಯಾಕೆ ಹಾಕಿಸ್ಕೋತೀಯ, ಸಿಟಿಯಲ್ಲೇ ಒಳಗೆಲ್ಲ ಕಾಣುತ್ತೆ, ಮತ್ತು ಬರಿಸೋ ಇಂಜೆಕ್ಷನ್ನೂ ಬೇಡ" ಅಂತಾನೆ. ನಿಜ ಹೇಳಬೇಕಂದರೆ ನನಗೂ ಆ ಪೈಪ್ ಅಂದರೆ ಮುಜುಗರ. ಯಾವುದರಲ್ಲಿ ಸರಿಯಾಗಿ ಕಾಣುತ್ತೆ? ಗೊತ್ತಿರುವವರು ಹೇಳಿ.

ಸುಮ್ನೆ ಓದುಗ · 9:52

ಕ್ಯಾಮೆರಾ ಇರೋ ಮಾತ್ರೆ ನುಂಗಿದರೆ ಆಯ್ತಲ್ವಾ? ಯೂಟ್ಯೂಬ್‌ನಲ್ಲಿ ನೋಡಿದ್ದೆ.

ಕುಡ್ಲ ಸ್ಕ್ಯಾನರ್ · 10:15

ನಾನು ಮಂಗಳೂರಿನಲ್ಲಿ ಸಿಟಿ ಟೆಕ್ನಿಷಿಯನ್, 14 ವರ್ಷ ಆಯಿತು. ನನ್ನ ಮೆಷಿನ್ ಬಗ್ಗೆ ನಾನೇ ಹೇಳಿಬಿಡುತ್ತೇನೆ.

ಸಿಟಿ ಕೊಲೊನೋಗ್ರಫಿ ಅಂದರೆ ಮಾಮೂಲಿ ಹೊಟ್ಟೆ ಸ್ಕ್ಯಾನ್ ಅಲ್ಲ. ಎಷ್ಟೋ ಜನ ಹಳೆಯ ಸಿಟಿ ರಿಪೋರ್ಟ್ ಹಿಡಿದು ಬಂದು "ಇದರಲ್ಲಿ ಕರುಳು ನಾರ್ಮಲ್ ಅಂತ ಇದೆಯಲ್ಲ" ಅಂತಾರೆ. ಮುದುಡಿಕೊಂಡ ಕರುಳಿನಲ್ಲಿ ಪಾಲಿಪ್ ಕಾಣುವುದಿಲ್ಲ. ಮಡಿಸಿಟ್ಟ ಸೀರೆಯಲ್ಲಿ ಹರಿದ ಜಾಗ ಹುಡುಕಿದ ಹಾಗೆ. ಹಾಗಾಗಿ ಕರುಳನ್ನು ಮೊದಲು ಉಬ್ಬಿಸಬೇಕು. ಹಿಂದಿನಿಂದ ಒಂದು ಸಣ್ಣ ಮೆತ್ತನೆಯ ಟ್ಯೂಬ್ ಹಾಕುತ್ತೇವೆ (ಪೈಪ್ ಪೂರ್ತಿ ತಪ್ಪುವುದಿಲ್ಲ ಸರ್, ನಿಮ್ಮ ಚಿಕ್ಕಪ್ಪನ ಮಗ ಅದನ್ನು ಹೇಳಲಿಲ್ಲ ಅನ್ನಿಸುತ್ತೆ). ಅದರಿಂದ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ಬಿಡುತ್ತೇವೆ. ಮದುವೆ ಮನೆಯಲ್ಲಿ ಎರಡು ಪಂಕ್ತಿಯಲ್ಲೂ ಕೂತು ಉಂಡಷ್ಟು ಹೊಟ್ಟೆ ಬಿಗಿಯುತ್ತೆ. ಈ ಗ್ಯಾಸನ್ನು ಮೈ ಬೇಗ ಹೀರಿಕೊಳ್ಳುತ್ತೆ, ಅದಕ್ಕೇ ಮಾಮೂಲಿ ಗಾಳಿ ಬದಲು ಇದು.

ಆಮೇಲೆ ಅಂಗಾತ ಮಲಗಿಸಿ ಒಂದು ಸಲ, ಬೋರಲು ಮಲಗಿಸಿ ಇನ್ನೊಂದು ಸಲ ಸ್ಕ್ಯಾನ್. ಯಾಕೆ ಎರಡು ಸಲ ಅಂದರೆ, ಕರುಳಿನಲ್ಲಿ ಉಳಿದ ಮಲದ ಉಂಡೆಯೂ ಪಾಲಿಪ್‌ನ ಹಾಗೇ ಕಾಣುತ್ತೆ. ಮಗುಚಿ ಮಲಗಿಸಿದರೆ ಮಲ ಉರುಳಿ ಕೆಳಗಿನ ಗೋಡೆಗೆ ಬರುತ್ತೆ. ಪಾಲಿಪ್ ಇದ್ದಲ್ಲೇ ಇರುತ್ತೆ. ಹಿಂದಿನ ದಿನ ಕುಡಿಸುವ ಕಾಂಟ್ರಾಸ್ಟ್ ದ್ರವ ಉಳಿದ ಮಲಕ್ಕೆ ಹತ್ತಿಕೊಂಡು ಬೆಳ್ಳಗೆ ಹೊಳೆಯುವುದರಿಂದ ಗುರುತು ಸಿಗುತ್ತೆ.

ಮತ್ತು ಬರಿಸುವ ಇಂಜೆಕ್ಷನ್ ಬೇಕಿಲ್ಲ. ಮುಗಿಸಿ ಸ್ಕೂಟರ್ ಓಡಿಸಿಕೊಂಡು ಮನೆಗೆ ಹೋಗಬಹುದು. ಎಕ್ಸ್‌ರೇ ಡೋಸ್ ಇದ್ದೇ ಇರುತ್ತೆ, ಆದರೆ ಮಾಮೂಲಿ ಹೊಟ್ಟೆ ಸಿಟಿಗಿಂತ ಕಡಿಮೆ.

ಈಗ ಕೊರತೆ. 5 ಮಿ.ಮೀ. ಮತ್ತು ಅದಕ್ಕಿಂತ ಚಿಕ್ಕದನ್ನು ರಿಪೋರ್ಟ್‌ನಲ್ಲಿ ಬರೆಯುವ ಪದ್ಧತಿಯೇ ಇಲ್ಲ. ಚಪ್ಪಟೆ ಪಾಲಿಪ್ ತಪ್ಪಿಸಿಕೊಳ್ಳುತ್ತೆ. ಮತ್ತೆ ಏನಾದರೂ ಸಿಕ್ಕಿದರೆ ನಾವು ತೆಗೆಯೋದಕ್ಕೆ ಆಗಲ್ಲ. ಅದೇ ಕೊಲೊನೋಸ್ಕೋಪಿಗೇ ಹೋಗಬೇಕು.

ಅಂಕಿಅಂಶ ಹುಚ್ಚ · 10:58

ನನ್ನ ಹೆಸರಿಗೆ ತಕ್ಕ ಹಾಗೆ ಲೆಕ್ಕ ಕೊಡುತ್ತೇನೆ. ಮೊದಲು ಅಳತೆ ತಲೆಯಲ್ಲಿಟ್ಟುಕೊಳ್ಳಿ: 5 ಮಿ.ಮೀ. ಅಂದರೆ ಹೆಚ್ಚೂ ಕಡಿಮೆ ತೊಗರಿಬೇಳೆ, 10 ಮಿ.ಮೀ. ಅಂದರೆ ದಪ್ಪ ಕಾಬೂಲ್ ಕಡಲೆ. ತೊಗರಿಬೇಳೆ ಗಾತ್ರದ್ದರಲ್ಲಿ ಕ್ಯಾನ್ಸರ್ ಇರುವುದು ತೀರಾ ಅಪರೂಪ. ಕಡಲೆ ದಾಟಿದ್ದು ಗಂಭೀರ. ಅದಕ್ಕೇ ಎಲ್ಲ ಅಧ್ಯಯನಗಳೂ ಗಾತ್ರದ ಮೇಲೆ ಲೆಕ್ಕ ಹಾಕುತ್ತವೆ.

ಕೊಲೊನೋಸ್ಕೋಪ್ ಒಳಗಿಂದಲೇ ತಂತಿ ಕುಣಿಕೆ ಹಾಕಿ ಪಾಲಿಪ್ ತೆಗೆಯೋದನ್ನು 1969ರಲ್ಲಿ ನ್ಯೂಯಾರ್ಕ್‌ನಲ್ಲಿ ಡಾ. ವುಲ್ಫ್ ಮತ್ತು ಡಾ. ಶಿನ್ಯಾ ಶುರು ಮಾಡಿದರು. ಅದಕ್ಕೂ ಮುಂಚಿನಿಂದ ಇದ್ದದ್ದು ಬೇರಿಯಂ ಎನಿಮಾ, ಅಂದರೆ ಹಿಂದಿನಿಂದ ಬೇರಿಯಂ ದ್ರವ ಬಿಟ್ಟು ಎಕ್ಸ್‌ರೇ ತೆಗೆಯೋದು. 2000ದಲ್ಲಿ ಅಮೆರಿಕದಲ್ಲಿ ಎರಡನ್ನೂ ಹೋಲಿಸಿದಾಗ 1 ಸೆಂ.ಮೀ.ಗಿಂತ ದೊಡ್ಡ ಪಾಲಿಪ್‌ಗಳಲ್ಲೂ ಬೇರಿಯಂ ಹಿಡಿದದ್ದು 48% ಮಾತ್ರ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಸಿಟಿ ಕೊಲೊನೋಗ್ರಫಿಯನ್ನು 1994ರಲ್ಲಿ ಅಮೆರಿಕದ ಡೇವಿಡ್ ವೈನಿಂಗ್ ಮೊದಲು ತೋರಿಸಿದರು. 2003ರಲ್ಲಿ ಪಿಕ್‌ಹಾರ್ಟ್ ತಂಡ 1,233 ಆರೋಗ್ಯವಂತರಿಗೆ ಒಂದೇ ದಿನ ಎರಡೂ ಪರೀಕ್ಷೆ ಮಾಡಿತು. 10 ಮಿ.ಮೀ. ಮತ್ತು ಮೇಲಿನ ಅಡೆನೋಮಾಗಳಲ್ಲಿ ಸಿಟಿ 93.8% ಹಿಡಿಯಿತು, ಕೊಲೊನೋಸ್ಕೋಪಿ 87.5%. ಸಿಟಿ ಪಕ್ಷದವರಿಗೆ ಹಬ್ಬ. ಮಾರನೇ ವರ್ಷವೇ, 2004ರಲ್ಲಿ, 9 ಆಸ್ಪತ್ರೆಗಳ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಅದೇ ಗಾತ್ರಕ್ಕೆ ಸಿಟಿ ಬರೀ 55%. ಹಬ್ಬ ಮುಗಿಯಿತು.

ಒಂದೇ ಪರೀಕ್ಷೆ, ಎರಡು ಫಲಿತಾಂಶ. ಹೇಗೆ? ಪಿಕ್‌ಹಾರ್ಟ್ ತಂಡದವರು ಮಲಕ್ಕೆ ಕಾಂಟ್ರಾಸ್ಟ್ ಹತ್ತಿಸಿದ್ದರು, 3ಡಿ ಚಿತ್ರದಲ್ಲಿ ಸುರಂಗದೊಳಗೆ ಹಾರಿದ ಹಾಗೆ ಇಡೀ ಕರುಳು ನೋಡಿದ್ದರು. ಇನ್ನೊಂದರಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಜಗಜಾಂತರ ಇತ್ತು. 2008ರಲ್ಲಿ 15 ಕೇಂದ್ರಗಳಲ್ಲಿ, ತರಬೇತಿ ಪಡೆದ ರೇಡಿಯಾಲಜಿಸ್ಟ್‌ಗಳನ್ನೇ ಕೂರಿಸಿ 2,500ಕ್ಕೂ ಹೆಚ್ಚು ಜನರಿಗೆ ಮಾಡಿದಾಗ ದೊಡ್ಡವುಗಳಲ್ಲಿ 90% ಸಿಕ್ಕಿತು, 6 ಮಿ.ಮೀ.ಯಿಂದ ಮೇಲಿನವುಗಳಲ್ಲಿ 78%. ನಾನು ಈ ಕೊನೆಯ ಲೆಕ್ಕವನ್ನೇ ನಂಬುತ್ತೇನೆ.

ಜರ್ಸಿ ಗೌಡ · ಮಂಗಳವಾರ ಬೆಳಿಗ್ಗೆ 6:30

ಇಲ್ಲಿ ಅಮೆರಿಕದಲ್ಲಿ 2021ರಿಂದ 45 ತುಂಬಿದವರೆಲ್ಲ ಮಾಡಿಸಿಕೊಳ್ಳಿ ಅಂತಾರೆ. ಕೊಲೊನೋಸ್ಕೋಪಿ ಆದರೆ 10 ವರ್ಷಕ್ಕೊಮ್ಮೆ, ಸಿಟಿ ಆದರೆ 5 ವರ್ಷಕ್ಕೊಮ್ಮೆ. ಆದರೂ ಸಿಟಿಗೆ ಹೋಗುವವರು ಕಡಿಮೆ. ಮೆಡಿಕೇರ್ (ವಯಸ್ಸಾದವರಿಗೆ ಇಲ್ಲಿನ ಸರ್ಕಾರದ ವಿಮೆ) ಅದಕ್ಕೆ ದುಡ್ಡು ಕೊಡಲು ಶುರು ಮಾಡಿದ್ದೇ 2025ರಿಂದ.

ಒಂದು ಮಜಾ ಕೇಳಿ. ಬುಷ್ 2007ರಲ್ಲಿ ಕೊಲೊನೋಸ್ಕೋಪಿಗೆ ಅರಿವಳಿಕೆ ತಗೊಳ್ಳುವ ಮುಂಚೆ ಅಧಿಕಾರವನ್ನು ಉಪಾಧ್ಯಕ್ಷರಿಗೆ ಬರೆದುಕೊಟ್ಟು ಮಲಗಿದ್ದರು. 2010ರಲ್ಲಿ ಒಬಾಮಾ ಸಿಟಿ ಕೊಲೊನೋಗ್ರಫಿ ಮಾಡಿಸಿಕೊಂಡರು. ಅರಿವಳಿಕೆ ಇಲ್ಲ, ಅಧಿಕಾರ ಕೊಡುವ ಗೋಜೂ ಇಲ್ಲ. 2021ರಲ್ಲಿ ಬೈಡನ್ ಮತ್ತೆ ಕೊಲೊನೋಸ್ಕೋಪಿಗೇ ಹೋದರು, ನಮ್ಮ ಕಮಲಾ ಹ್ಯಾರಿಸ್ 85 ನಿಮಿಷ ಅಧ್ಯಕ್ಷರ ಅಧಿಕಾರ ನಡೆಸಿದರು. ಅವತ್ತು ಬೈಡನ್‌ಗೆ ಸಿಕ್ಕಿದ್ದು 3 ಮಿ.ಮೀ. ಪಾಲಿಪ್. ಕುಡ್ಲದ ಅಣ್ಣ ಹೇಳಿದ ಲೆಕ್ಕದಲ್ಲಿ ಸಿಟಿ ರಿಪೋರ್ಟ್‌ನಲ್ಲಿ ಅದು ಬರುತ್ತಲೇ ಇರಲಿಲ್ಲ.

ಬಯಲುಸೀಮೆ · 8:05

ಎಲ್ಲ ಹೆದರಿಸಿ ದುಡ್ಡು ಮಾಡೋ ದಾರಿ. ಯುರೋಪಿನಲ್ಲಿ ದೊಡ್ಡ ಪರೀಕ್ಷೆ ಮಾಡಿ ಕೊಲೊನೋಸ್ಕೋಪಿಯಿಂದ ಅಂಥಾ ಲಾಭ ಇಲ್ಲ ಅಂತ ಬಂತಲ್ಲ? ನಮ್ಮ ಅಜ್ಜಂದಿರು ರಾಗಿ ಮುದ್ದೆ ತಿಂದುಕೊಂಡು 90 ಬದುಕಿದ್ದರು.

ಅಂಕಿಅಂಶ ಹುಚ್ಚ · 8:40

2022ರ ನಾರ್ಡಿಕ್ ಅಧ್ಯಯನ ಹೇಳ್ತಿದ್ದೀರಿ. ಪೂರ್ತಿ ಓದಿ ಸ್ವಾಮಿ. ಅದು ಕೊಲೊನೋಸ್ಕೋಪಿ ಮಾಡಿಸಿಕೊಂಡವರ ಲೆಕ್ಕ ಅಲ್ಲ, ಬನ್ನಿ ಅಂತ ಕಾಗದ ಕಳಿಸಿದವರ ಲೆಕ್ಕ. ಕಾಗದ ಬಂದವರಲ್ಲಿ ಹೋಗಿ ಮಾಡಿಸಿಕೊಂಡದ್ದು 42% ಮಾತ್ರ. ಹಾಗಿದ್ದರೂ 10 ವರ್ಷದಲ್ಲಿ ಕರುಳಿನ ಕ್ಯಾನ್ಸರ್ 18% ಕಡಿಮೆ ಆಗಿತ್ತು. ಊಟಕ್ಕೆ ಕರೆದವರಲ್ಲಿ ಅರ್ಧ ಜನ ಬರದೇ ಇದ್ದರೆ ಅಡುಗೆ ಚೆನ್ನಾಗಿಲ್ಲ ಅಂತ ಅಲ್ಲ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಅಮೆರಿಕ, ಯುರೋಪಿಗಿಂತ ಕಡಿಮೆ. ಸರ್ಕಾರದ ಕಾರ್ಯಕ್ರಮದಲ್ಲೂ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಇದೆ, ಕರುಳಿನದ್ದು ಇಲ್ಲ. ಊರಿಗೆಲ್ಲ ಮಾಡಬೇಕಾ ಅನ್ನೋದು ಬೇರೆ ಚರ್ಚೆ. ಇಲ್ಲಿ ಕೇಳಿದವರ ಮನೆಯಲ್ಲೇ ಪಾಲಿಪ್ ಸಿಕ್ಕಿದೆ.

ಎಂಡೋ ಸಿಸ್ಟರ್ · ಮಧ್ಯಾಹ್ನ 2:20

ನೋಡ್ರಿ, ನಾನು ಹುಬ್ಬಳ್ಳಿಯಲ್ಲಿ ಎಂಡೋಸ್ಕೋಪಿ ರೂಮಿನಲ್ಲಿ ನರ್ಸ್. ಎಲ್ಲರೂ ಮೆಷಿನ್ ಮೆಷಿನ್ ಅಂತೀರಿ. ಅರ್ಧ ಕೆಲಸ ಹಿಂದಿನ ರಾತ್ರಿ ಮನೆಯ ಬಚ್ಚಲಲ್ಲೇ ಆಗುತ್ತೆ.

ಭೇದಿ ಮಾಡಿಸೋ ಪೆಗ್ ಪೌಡರ್ ಎರಡು ಲೀಟರ್ ನೀರಿಗೆ ಕಲಸಿ ಕುಡಿಯಬೇಕು. ಉಪ್ಪುಪ್ಪಾಗಿ, ಜಿಡ್ಡುಜಿಡ್ಡಾಗಿ ಇರುತ್ತೆ, ಸುಳ್ಳು ಹೇಳಲ್ಲ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ಅರ್ಧ ರಾತ್ರಿ, ಅರ್ಧ ಬೆಳಿಗ್ಗೆ ಕುಡಿದರೆ ಚಲೋ ಕ್ಲೀನ್ ಆಗುತ್ತೆ. ಟೈಮ್ ಡಾಕ್ಟರು ಹೇಳಿದ ಹಾಗೆ. ಕೊನೆಗೆ ಬರೋದು ತಿಳಿ ಹಳದಿ ನೀರಿನ ಹಾಗಿರಬೇಕು.

ಜನ ಏನು ಮಾಡ್ತಾರೆ ಅಂದರೆ, ಹಿಂದಿನ ಮಧ್ಯಾಹ್ನ ಸೊಪ್ಪಿನ ಪಲ್ಯ, ಒಗ್ಗರಣೆ ಹಾಕಿದ ಸಾರು ಉಂಡು ಬರ್ತಾರೆ. ಮೊನ್ನೆ ಒಬ್ಬ ಹಿರಿಯರಿಗೆ ಸ್ಕೋಪ್ ಹಾಕಿದರೆ ಸಾಸಿವೆ ಕಾಳು ಒಂದೊಂದೇ ಗೋಡೆಗೆ ಅಂಟಿಕೊಂಡಿತ್ತು. ಎಳೆಯೋಕೆ ಹೋದರೆ ಸಕ್ಷನ್ ಕಟ್ಟಿಕೊಂಡಿತು. ಅರ್ಧಕ್ಕೆ ನಿಲ್ಲಿಸಿ ಇನ್ನೊಂದು ದಿನ ಕರೆದೆವು. ನಾವು ಕರುಳನ್ನು ಮೂರು ಭಾಗ ಮಾಡಿ ಒಂದೊಂದಕ್ಕೂ 3ರವರೆಗೆ ಮಾರ್ಕ್ಸ್ ಕೊಡ್ತೇವೆ, ಒಟ್ಟು 9. ಅವರಿಗೆ 3 ಬಂತು, ಪಾಸಾಗಲಿಲ್ಲ.

ಇನ್ನೊಂದು, ಚಪ್ಪಟೆ ಪಾಲಿಪ್ ಬಗ್ಗೆ. ಬಲಗಡೆಯ ಕರುಳಿನಲ್ಲಿ ಕೆಲವು ಹೇಗಿರುತ್ತವೆ ಅಂದರೆ, ಗಂಟೂ ಅಲ್ಲ ಗುಳ್ಳೆಯೂ ಅಲ್ಲ. ಆರಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಹಳದಿ ಲೋಳೆ ಅಷ್ಟೇ ಕಾಣುತ್ತೆ. ನಮ್ಮ ಡಾಕ್ಟರು ಅಲ್ಲಿ ನಿಂತು ನೀರು ಬಿಡ್ತಾರೆ. ಕೆನೆ ಸರಿದರೆ ಕೆಳಗಿನ ಚರ್ಮ ಬೇರೆ. ರಕ್ತನಾಳದ ಗೆರೆಗಳೇ ಕಾಣುವುದಿಲ್ಲ. ಬಟನ್ ಒತ್ತಿ ನೀಲಿ-ಹಸಿರು ಬೆಳಕಿಗೆ ಬದಲಿಸಿದರೆ ಅಂಚು ಎದ್ದು ಬರುತ್ತೆ. ಕೆಳಗೆ ಬಣ್ಣದ ನೀರು ಇಂಜೆಕ್ಟ್ ಮಾಡಿ ಉಬ್ಬಿಸಿ, ಕುಣಿಕೆ ಹಾಕಿ ತೆಗೀತಾರೆ. ಅವಸರದವರಾದರೆ ಆ ಕೆನೆಯನ್ನು ಮಲ ಅಂದುಕೊಂಡು ದಾಟಿ ಹೋಗಿಬಿಡ್ತಾರೆ.

ಅಂಕಿಅಂಶ ಹುಚ್ಚ · 2:47

ಸಿಸ್ಟರ್ ಹೇಳಿದ "ಅವಸರ"ಕ್ಕೂ ಲೆಕ್ಕ ಇದೆ. ಅಮೆರಿಕದಲ್ಲಿ 2006ರ ಒಂದು ಅಧ್ಯಯನದಲ್ಲಿ, ಸ್ಕೋಪ್ ಹೊರಗೆ ಎಳೆಯುವಾಗ 6 ನಿಮಿಷಕ್ಕಿಂತ ಜಾಸ್ತಿ ತಗೊಂಡ ಡಾಕ್ಟರುಗಳಿಗೆ 28.3% ಜನರಲ್ಲಿ ಅಡೆನೋಮಾ ಸಿಕ್ಕಿತು. ಬೇಗ ಎಳೆದವರಿಗೆ 11.8%. ಅದೇ ಸ್ಕೋಪ್, ಅದೇ ರೂಮು.

ಕೊಲೊನೋಸ್ಕೋಪಿಯೂ ತಪ್ಪಿಸುತ್ತೆ. ಒಬ್ಬರಿಗೇ ಬೆನ್ನುಬೆನ್ನಿಗೆ ಎರಡು ಸಲ ಮಾಡಿ ನೋಡಿದ ಅಧ್ಯಯನಗಳನ್ನೆಲ್ಲ ಸೇರಿಸಿದಾಗ, ಮೊದಲ ಸಲ ತಪ್ಪಿಹೋಗಿದ್ದ ಪಾಲಿಪ್ ಒಟ್ಟು 22%. ದೊಡ್ಡವುಗಳಲ್ಲಿ 2% ಅಷ್ಟೇ, ತೊಗರಿಬೇಳೆ ಗಾತ್ರದಲ್ಲಿ 26%.

ಈಗ ಎಐ ಬಂದಿದೆ. ಪರದೆಯ ಮೇಲೆ ಪಾಲಿಪ್ ಅನುಮಾನ ಇರುವ ಜಾಗಕ್ಕೆ ಹಸಿರು ಚೌಕ ಹಾಕುತ್ತೆ. 2020ರಲ್ಲಿ ಇಟಲಿಯಲ್ಲಿ ಹೋಲಿಸಿದಾಗ ಎಐ ಜೊತೆ 54.8% ಜನರಲ್ಲಿ ಅಡೆನೋಮಾ ಸಿಕ್ಕಿತು, ಇಲ್ಲದೆ 40.4%. ಜಾಸ್ತಿ ಸಿಕ್ಕಿದ್ದು ಚಿಕ್ಕವೇ. ತೊಳೆಯದ ಗೋಡೆಯ ಹಿಂದೆ ಇರೋದನ್ನು ಎಐ ಕೂಡ ನೋಡಲ್ಲ ಬಿಡಿ.

ಯಾರ್ಕ್‌ಷೈರ್ ಅಕ್ಕ · ಸಂಜೆ 5:10

ಇಲ್ಲಿ ಇಂಗ್ಲೆಂಡಿನಲ್ಲಿ 50 ದಾಟಿದವರ ಮನೆಗೆ ಎರಡು ವರ್ಷಕ್ಕೊಮ್ಮೆ ಕಿಟ್ ಅಂಚೆಯಲ್ಲಿ ಬರುತ್ತೆ. ಕಡ್ಡಿಯಲ್ಲಿ ಒಂಚೂರು ಮಲ ತೆಗೆದು ವಾಪಸ್ ಕಳಿಸೋದು. ಅದರಲ್ಲಿ ರಕ್ತದ ಅಂಶ ಕಂಡರೆ ಕೊಲೊನೋಸ್ಕೋಪಿಗೆ ಕರೀತಾರೆ. ಚಿತ್ರ ತೆಗೆಯುವ ಪರೀಕ್ಷೆ ಅಲ್ಲ, ಆದರೂ ಹೇಳಿದೆ.

ನಮ್ಮ ಅತ್ತೆಗೆ 79, ಹಾರ್ಟ್ ವೀಕು, ರಕ್ತ ತೆಳು ಮಾಡುವ ಮಾತ್ರೆ ತಗೋತಾರೆ. ಅವರಿಗೆ ಸಿಟಿನೇ ಮಾಡಿದರು. ಕರುಳು ಕ್ಲೀನ್. ಆದರೆ ಕಿಡ್ನಿಯಲ್ಲಿ ಏನೋ ಗಂಟು ಕಂಡಿತು. ಅಲ್ಟ್ರಾಸೌಂಡ್, ಇನ್ನೊಂದು ಸಿಟಿ, ಎರಡು ತಿಂಗಳು ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಕೊನೆಗೆ ನೀರು ತುಂಬಿದ ಗುಳ್ಳೆ ಅಂತ ಆಯಿತು. ಇಡೀ ಹೊಟ್ಟೆ ಕಾಣೋದು ಒಳ್ಳೆಯದೂ ಹೌದು, ತಲೆನೋವೂ ಹೌದು.

ಬ್ರಿಟನ್ನಿನಲ್ಲಿ ಲಕ್ಷಣ ಇರುವ ರೋಗಿಗಳಲ್ಲೇ ಸಿಗ್ಗರ್ ಅಂತ ಒಂದು ಹೋಲಿಕೆ ಮಾಡಿದ್ದರು, 2013ರಲ್ಲಿ ಪ್ರಕಟ ಆಯಿತು. ಕ್ಯಾನ್ಸರ್ ಮತ್ತು ದೊಡ್ಡ ಪಾಲಿಪ್ ಸಿಟಿಯಲ್ಲೂ ಕೊಲೊನೋಸ್ಕೋಪಿಯಲ್ಲೂ ಸಮಸಮ, 11%. ಆದರೆ ಸಿಟಿ ಆದವರಲ್ಲಿ 30% ಜನ ಮತ್ತೊಂದು ಪರೀಕ್ಷೆಗೆ ಹೋಗಬೇಕಾಯಿತು. ಕೊಲೊನೋಸ್ಕೋಪಿಯವರಲ್ಲಿ 8.2%.

ಸುಮ್ನೆ ಓದುಗ · 5:31

ನನ್ನ ಮಾತ್ರೆ ಪ್ರಶ್ನೆಗೆ ಯಾರೂ ಉತ್ತರ ಕೊಡಲೇ ಇಲ್ಲ 😔 ಎಂಆರ್‌ಐಯಲ್ಲಿ ಆಗಲ್ವಾ?

ಕುಡ್ಲ ಸ್ಕ್ಯಾನರ್ · 6:02

ಎಂಆರ್‌ಐಯಲ್ಲೂ ಮಾಡಬಹುದು, ಎಕ್ಸ್‌ರೇ ಇಲ್ಲ. ಆದರೆ ಹೊತ್ತು ಜಾಸ್ತಿ, ಚಿಕ್ಕವು ಕಾಣಲ್ಲ, ಮಾಡುವವರೂ ಕಡಿಮೆ. ಬಿಡಿ.

ಮಾತ್ರೆ ಕ್ಯಾಮೆರಾ ನಿಜವಾಗಿಯೂ ಇದೆ. ದೊಡ್ಡ ಕರುಳಿಗೆ ಅಂತಲೇ ಎರಡೂ ತುದಿಯಲ್ಲಿ ಕ್ಯಾಮೆರಾ ಇರುವ ಪಿಲ್‌ಕ್ಯಾಮ್ ಕೊಲೊನ್‌ಗೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೂರು ಸೆಂ.ಮೀ. ಉದ್ದ. ತೊಂದರೆ ಏನೆಂದರೆ, ಅದಕ್ಕೆ ಗೋಡೆ ತೊಳೆಯಲು ಬರಲ್ಲ, ಗಾಳಿ ಬಿಡಲು ಬರಲ್ಲ, ಹಿಂದೆ ತಿರುಗಿ ನೋಡಲು ಬರಲ್ಲ. ಹಾಗಾಗಿ ಭೇದಿ ಔಷಧಿ ಇನ್ನೂ ಜಾಸ್ತಿ ಕುಡಿಯಬೇಕು. ಮಾತ್ರೆ ಮುಂದೆ ಸಾಗಲಿ ಅಂತ ನುಂಗಿದ ಮೇಲೂ ಕುಡಿಯಬೇಕು. ನುಂಗೋದು ಸುಲಭ, ಉಳಿದದ್ದು ಅಲ್ಲ.

ದಾವಣಗೆರೆ ಬೆಣ್ಣೆ · ರಾತ್ರಿ 9:15

ಇಷ್ಟೊಂದು ಮಾಹಿತಿ ಸಿಗುತ್ತೆ ಅಂದುಕೊಂಡಿರಲಿಲ್ಲ. ಎಲ್ಲ ಓದಿದ ಮೇಲೂ ನನಗೆ ಸಿಟಿ ಕಡೆಗೇ ಮನಸ್ಸು. ದೊಡ್ಡವು 90% ಸಿಗುತ್ತೆ ಅಂದಮೇಲೆ ಸಾಕಲ್ವಾ? ಏನೂ ಇಲ್ಲ ಅಂತ ಬಂದರೆ ಪೈಪ್ ತಪ್ಪಿತು. ಮುಂದಿನ ವಾರ ಮಾಡಿಸಲಾ? ಯಾವ ಮಾತ್ರೆ ನಿಲ್ಲಿಸಬೇಕು?

ಎಂಡೋ ಸಿಸ್ಟರ್ · 9:33

ನೀವು ಯಾವ ಯಾವ ಮಾತ್ರೆ ತಗೋತೀರಿ? ಶುಗರ್, ಬಿಪಿ, ರಕ್ತ ತೆಳು ಮಾಡೋದು ಇದ್ದರೆ ಡಾಕ್ಟರನ್ನೇ ಕೇಳಿ. ಐರನ್ ಮಾತ್ರೆ ಇದ್ದರೆ ಕೊಲೊನೋಸ್ಕೋಪಿಗೆ ಒಂದು ವಾರ ಮುಂಚೆ ನಿಲ್ಲಿಸಿ ಅಂತೇವೆ. ಕರುಳೆಲ್ಲ ಕಪ್ಪಾಗಿ ಏನೂ ಕಾಣುವುದಿಲ್ಲ.

ದಾವಣಗೆರೆ ಬೆಣ್ಣೆ · 9:36

ಬಿಪಿ, ಶುಗರ್ ಇಲ್ಲ. ಐರನ್ ಒಂದೇ. ಮೂರು ತಿಂಗಳಿಂದ ತಗೋತಿದ್ದೀನಿ.

ಎಂಡೋ ಸಿಸ್ಟರ್ · 9:37

ಐರನ್ ಯಾಕೆ?

ದಾವಣಗೆರೆ ಬೆಣ್ಣೆ · 9:44

ಆಫೀಸಿನಲ್ಲಿ ವರ್ಷಕ್ಕೊಮ್ಮೆ ಚೆಕಪ್ ಮಾಡಿಸ್ತಾರಲ್ಲ, ಅದರಲ್ಲಿ ಹಿಮೋಗ್ಲೋಬಿನ್ 10.2 ಬಂದಿತ್ತು. ಕಬ್ಬಿಣದ ಅಂಶ ಕಡಿಮೆ ಅಂದರು. ರಕ್ತ ಗಿಕ್ತ ಏನೂ ಬಿದ್ದಿಲ್ಲ ನನಗೆ. ಸೊಪ್ಪು ಸರಿಯಾಗಿ ತಿನ್ನಲ್ಲ, ಅದಕ್ಕಿರಬೇಕು.

ಎಂಡೋ ಸಿಸ್ಟರ್ · 9:50

ಇದನ್ನು ನಿನ್ನೆಯೇ ಹೇಳಬೇಕಿತ್ತಲ್ರೀ. 46 ವರ್ಷದ ಗಂಡಸಿಗೆ ಕಬ್ಬಿಣ ಕಡಿಮೆ ಆದರೆ ಸೊಪ್ಪಿನ ಮೇಲೆ ಹಾಕಿ ಕೂರುವಂತಿಲ್ಲ. ಎಲ್ಲಿಂದಾದರೂ ಕಣ್ಣಿಗೆ ಕಾಣದ ಹಾಗೆ ರಕ್ತ ಸೋರುತ್ತಿದೆಯಾ ಅಂತ ನೋಡಬೇಕು. ಮೇಲಿಂದ ಎಂಡೋಸ್ಕೋಪಿ, ಕೆಳಗಿಂದ ಕೊಲೊನೋಸ್ಕೋಪಿ, ಎರಡೂ. ಅಪ್ಪನನ್ನು ನೋಡಿದ ಡಾಕ್ಟರಿಗೇ ಆ ರಿಪೋರ್ಟ್ ತೋರಿಸಿ. ನಾಳೆನೇ.

ಕುಡ್ಲ ಸ್ಕ್ಯಾನರ್ · 9:58

ಸಿಸ್ಟರ್ ಮಾತು ಕೇಳಿ ಸರ್. ಸಿಟಿ ಏನಿದ್ದರೂ ಲಕ್ಷಣ ಇಲ್ಲದವರಿಗೆ, ಇಲ್ಲವೇ ಸ್ಕೋಪ್ ಪೂರ್ತಿ ಹೋಗದವರಿಗೆ, ತಡೆದುಕೊಳ್ಳಲು ಆಗದ ವಯಸ್ಸಾದವರಿಗೆ ಅನುಕೂಲ. ನಿಮ್ಮದು ಈಗ ಆ ಸಾಲಿಗೆ ಬರಲ್ಲ. ನನ್ನ ಗಿರಾಕಿ ಒಬ್ಬರು ಕಡಿಮೆ ಆದರೂ ಪರವಾಗಿಲ್ಲ.

ಅಂಕಿಅಂಶ ಹುಚ್ಚ · 10:20

ತಂಗಿ, ತಮ್ಮನ ಬಗ್ಗೆ: ತಂದೆಗೆ ಸಿಕ್ಕಿದ್ದು 60 ದಾಟಿದ ಮೇಲೆ. ಅಮೆರಿಕದ ತಜ್ಞರ ಸೂಚನೆ ಪ್ರಕಾರ ಅಂಥ ಮನೆಯ ಮಕ್ಕಳು 40ಕ್ಕೇ ಶುರು ಮಾಡಬೇಕು, ಪರೀಕ್ಷೆ ಮಾತ್ರ ಬೇರೆಯವರ ಹಾಗೇ ಯಾವುದಾದರೂ ಆಗಬಹುದು. ಅಪ್ಪನಿಗೆ 60ರ ಒಳಗೆ ಸಿಕ್ಕಿದ್ದರೆ 5 ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿನೇ. ಅಂದರೆ ತಂಗಿಗೆ ಯಾವ ತೊಂದರೆಯೂ ಇಲ್ಲ ಅಂದರೆ ಅವರಿಗೆ ಸಿಟಿ ಆಯ್ಕೆ ಇದೆ. ತಮ್ಮನಿಗೆ ಇನ್ನೂ ಎರಡು ವರ್ಷ ಸಮಯ. ಡಾಕ್ಟರ ಹತ್ತಿರ ಖಚಿತ ಮಾಡಿಕೊಳ್ಳಿ.

ದಾವಣಗೆರೆ ಬೆಣ್ಣೆ · 13 ದಿನದ ನಂತರ

ಮುಗೀತು. ಪೈಪ್‌ಗಿಂತ ಆ ಪೌಡರ್ ನೀರೇ ಕಷ್ಟ. ನಿಂಬೆಹಣ್ಣು ಚೀಪಿಕೊಂಡು ಕುಡಿದೆ. ಪರೀಕ್ಷೆ ನನಗೆ ನೆನಪೇ ಇಲ್ಲ. ಇಂಜೆಕ್ಷನ್ ಕೊಟ್ಟರು, ಕಣ್ಣು ಬಿಟ್ಟರೆ ಹೆಂಡತಿ ಎದುರಿಗೆ ಕೂತು ಎಳನೀರು ಹಿಡಿದಿದ್ದಳು.

ಹೊಟ್ಟೆಯಲ್ಲಿ ಒಂದು ಹುಣ್ಣು ಇತ್ತಂತೆ. ರಕ್ತ ಕಡಿಮೆ ಆಗಿದ್ದು ಬಹುಶಃ ಅದರಿಂದ ಅಂದರು, ಔಷಧಿ ಶುರು ಆಗಿದೆ. ಕರುಳಿನಲ್ಲಿ ಎರಡು ಪಾಲಿಪ್. ಎಡಗಡೆ 6 ಮಿ.ಮೀ., ಬಲಗಡೆ 12 ಮಿ.ಮೀ. ಚಪ್ಪಟೆಯದ್ದು. ಎರಡೂ ತೆಗೆದಿದ್ದಾರೆ, ಬಯಾಪ್ಸಿ ಬರಬೇಕು. ಫೋಟೋ ಕೊಟ್ಟಿದ್ದಾರೆ. ಸಿಸ್ಟರ್, ನೀವು ಹೇಳಿದ ಹಾಲಿನ ಕೆನೆಯೇ.

ಕುಡ್ಲದ ಅಣ್ಣ, ಕುತೂಹಲಕ್ಕೆ ಕೇಳ್ತೀನಿ, ಸಿಟಿಯಲ್ಲಿ ಇದು ಸಿಗುತ್ತಿತ್ತಾ?

ಕುಡ್ಲ ಸ್ಕ್ಯಾನರ್ · 

6 ಮಿ.ಮೀ.ದು ಸಿಗುವ ಸಾಧ್ಯತೆ ಇತ್ತು. ಚಪ್ಪಟೆಯದ್ದರ ಮೇಲೆ ನಾನು ಬಾಜಿ ಕಟ್ಟಲ್ಲ.

ಎಂಡೋ ಸಿಸ್ಟರ್ · 

ಬಯಾಪ್ಸಿ ಬಂದ ಮೇಲೆ ಮುಂದಿನ ಸ್ಕೋಪ್ ಯಾವಾಗ ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಅದು ಪಾಲಿಪ್ ಯಾವ ಜಾತಿ ಅನ್ನೋದರ ಮೇಲೆ ಇರುತ್ತೆ. ಆ ಫೋಟೋ ಬಿಸಾಡಬೇಡಿ, ಮುಂದಿನ ಸಲ ಅದೇ ಜಾಗ ಹುಡುಕಬೇಕಾಗುತ್ತೆ.

ದಾವಣಗೆರೆ ಬೆಣ್ಣೆ · 

ಸರಿ ಸಿಸ್ಟರ್. ತಂಗಿಗೆ ರಕ್ತ ಪರೀಕ್ಷೆ ಎಲ್ಲ ಸರಿ ಇದೆ. ನನ್ನ ಕಥೆ ಕೇಳಿದ ಮೇಲೂ ಸಿಟಿನೇ ಅಂತ ಹಟ ಹಿಡಿದಿದ್ದಾಳೆ. ಡಾಕ್ಟರೂ ಆಗಬಹುದು ಅಂದರು. ಶನಿವಾರ ಬುಕ್ ಆಗಿದೆ. ಶುಕ್ರವಾರ ನಮ್ಮನೆಯಲ್ಲಿ ನಾಮಕರಣದ ಊಟ ಇದೆ, ಅವಳು ಏನು ತಿನ್ನಬಹುದು?

ಕುಡ್ಲ ಸ್ಕ್ಯಾನರ್ · 

ಬಡಿಸಬಹುದು. ಊಟ ಮಾಡುವ ಹಾಗಿಲ್ಲ. ತಿಳಿನೀರು, ಎಳನೀರು, ಸೋಸಿದ ಸಾರು ಅಷ್ಟೇ. ಇಲ್ಲಾಂದ್ರೆ ಸೋಮವಾರಕ್ಕೆ ಹಾಕಿಸಿಕೊಳ್ಳಲು ಹೇಳಿ.